ಟ್ಯೂಬಾ, ಯುಫೋನಿಯಂ ಕಲಿಸುವವರಿಗೆ: ಪಾಠ ಆಯುವ ಮುನ್ನ ವಾಲ್ವ್ ಎಣಿಸಿ

ಮುಂಬೈ, ಪುಣೆ, ಗೋವಾದ ಕನ್ನಡ ಮನೆಗಳ ಮಕ್ಕಳಿಗೆ ಟ್ಯೂಬಾ, ಯುಫೋನಿಯಂ ಎಂಬ ದಪ್ಪ ದನಿಯ ಹಿತ್ತಾಳೆ ಊದುವಾದ್ಯಗಳು ಸಿಗುವುದು ಹೆಚ್ಚಾಗಿ ಶಾಲೆಯ ಬ್ಯಾಂಡ್‌ನಲ್ಲಿ, ಇಲ್ಲವೇ ಇಗರ್ಜಿಯ ಬ್ಯಾಂಡ್‌ನಲ್ಲಿ. ಟ್ರಂಪೆಟ್, ಕಾರ್ನೆಟ್‌ಗಳು ಅಷ್ಟರಲ್ಲಿ ದೊಡ್ಡ ಹುಡುಗರ ಪಾಲಾಗಿರುತ್ತವೆ. ಮೈಕಟ್ಟು ಚೆನ್ನಾಗಿರುವ ಮಗುವಿಗೆ ಉಳಿದ ದೊಡ್ಡ ವಾದ್ಯ ಸಿಗುತ್ತದೆ. ಆಮೇಲೆ ಮೂರು ವರ್ಷ ಕಳೆದರೂ ಆ ಮಗು ಮಾರ್ಚ್‌ಗಳಿಗೆ ಷಡ್ಜ, ಪಂಚಮ ಕೊಡುತ್ತಾ ತಾಳ ಹಿಡಿಯುವುದರಲ್ಲೇ ಇರುತ್ತದೆ, ಒಂದು ಪೂರ್ತಿ ರಾಗವನ್ನು ನುಡಿಸಿರುವುದಿಲ್ಲ. ಈ ವಾದ್ಯಗಳಿಗೆ ಕೃತಿಗಳೇ ಇಲ್ಲ ಎಂದು ಮೇಷ್ಟ್ರುಗಳೂ ನಂಬಿರುತ್ತಾರೆ. ಕೃತಿಗಳು ಬೇಕಾದಷ್ಟಿವೆ. ಯಾವುದನ್ನು ಯಾವಾಗ ಕೊಡಬೇಕು ಎಂಬ ಲೆಕ್ಕ ತಪ್ಪುತ್ತಿದೆ. ಆ ಲೆಕ್ಕ ನಿಂತಿರುವುದು ಮಗುವಿನ ವಾದ್ಯಕ್ಕೆ ಬೆರಳಿನಿಂದ ಒತ್ತುವ ವಾಲ್ವ್ ಎಷ್ಟಿವೆ, ಮಗುವಿನ ಉಸಿರು ಎಷ್ಟು ಹೊತ್ತು ಬರುತ್ತದೆ, ಅದು ಯಾವ ಕ್ಲೆಫ್ (ಸ್ವರಲಿಪಿಯ ಯಾವ ಗೆರೆ ಯಾವ ಸ್ವರ ಎಂದು ಹೇಳುವ ಗುರುತು) ಓದುತ್ತದೆ ಎಂಬುದರ ಮೇಲೆ. ಪರೀಕ್ಷೆಯ ಗ್ರೇಡ್ ಪುಸ್ತಕ ಅದಾದ ಮೇಲೆ.

ಎರಡೂ ವಾದ್ಯಗಳು 19ನೇ ಶತಮಾನದ ಜರ್ಮನಿಯಲ್ಲಿ ಹುಟ್ಟಿದವು. ಬರ್ಲಿನ್‌ನಲ್ಲಿ ವೀಪ್ರೆಕ್ಟ್ ಮತ್ತು ಮೊರಿಟ್ಸ್ ಬೇಸ್ ಟ್ಯೂಬಾಗೆ ಪೇಟೆಂಟ್ ಪಡೆದದ್ದು 1835ರಲ್ಲಿ. ಯುಫೋನಿಯಂ ಬಂದದ್ದು ಅದಾಗಿ ಹತ್ತು ವರ್ಷದೊಳಗೆ. ಯುಫೋನಿಯಂ ಬಿ-ಫ್ಲ್ಯಾಟ್‌ನಲ್ಲಿರುತ್ತದೆ, ಅದರ ಕೊಳವೆ ಬಿಚ್ಚಿದರೆ ಸುಮಾರು 9 ಅಡಿ. ಟ್ಯೂಬಾ ನಾಲ್ಕು ಅಳತೆಗಳಲ್ಲಿ ಬರುತ್ತದೆ: ಎಫ್ ಸುಮಾರು 12 ಅಡಿ, ಇ-ಫ್ಲ್ಯಾಟ್ 13, ಸಿ 16, ದೊಡ್ಡ ಬಿ-ಫ್ಲ್ಯಾಟ್ 18. ಮೆರವಣಿಗೆಗಳಲ್ಲಿ ಹೆಗಲ ಮೇಲೆ ಸುತ್ತಿಕೊಂಡು ಬಾಯಿ ಮುಂದಕ್ಕೆ ತೆರೆದಿರುವ ಸೂಸಾಫೋನ್ ಕೂಡ ಟ್ಯೂಬಾವೇ, ಅದರ ಬೆರಳುಗಳೂ ಅವೇ.

ವಾಲ್ವ್‌ಗಳ ಲೆಕ್ಕ

ವಾಲ್ವ್ ಒತ್ತದೆ ತುಟಿಯಿಂದಷ್ಟೇ ಊದಿದರೆ ಯುಫೋನಿಯಂನಲ್ಲಿ ಸಿಗುವ ಸ್ವರಗಳು ನಮ್ಮ ಕಿವಿಗೆ ಹೊಸತಲ್ಲ. ಬಿ-ಫ್ಲ್ಯಾಟನ್ನು ಷಡ್ಜವೆಂದು ಹಿಡಿದರೆ ಕೆಳಗಿನಿಂದ ಮೇಲಕ್ಕೆ ಸ, ಪ, ಮೇಲಿನ ಸ, ಅಂತರ ಗಾಂಧಾರ, ಮತ್ತೆ ಪ. ಇವುಗಳ ನಡುವಿನ ಸ್ವರಗಳನ್ನು ತುಂಬುವುದಕ್ಕೆ ವಾಲ್ವ್‌ಗಳಿವೆ. ಎರಡನೆಯ ವಾಲ್ವ್ ಒಂದು ಸ್ವರಸ್ಥಾನ ಇಳಿಸುತ್ತದೆ, ಒಂದನೆಯದು ಎರಡು, ಮೂರನೆಯದು ಮೂರು. ನಾಲ್ಕನೆಯದಿದ್ದರೆ ಅದು ಐದು ಸ್ವರಸ್ಥಾನ ಇಳಿಸುತ್ತದೆ.

ತೊಂದರೆ ಶುರುವಾಗುವುದು ವಾಲ್ವ್‌ಗಳನ್ನು ಕೂಡಿಸಿ ಒತ್ತಿದಾಗ. 9 ಅಡಿ ಎಂದರೆ 108 ಇಂಚು. ಎರಡು ಸ್ವರಸ್ಥಾನ ಇಳಿಸಲು ಒಂದನೆಯ ವಾಲ್ವ್ ಸುಮಾರು 13.2 ಇಂಚು ಕೊಳವೆ ಸೇರಿಸುತ್ತದೆ, ಎರಡನೆಯದು 6.4 ಇಂಚು, ಮೂರನೆಯದು 20.4 ಇಂಚು. ಮೂರನ್ನೂ ಒತ್ತಿದರೆ 40 ಇಂಚಾಯಿತು. ಆದರೆ ಆರು ಸ್ವರಸ್ಥಾನ ಸರಿಯಾಗಿ ಇಳಿಯಬೇಕಾದರೆ 44.7 ಇಂಚು ಬೇಕು. ಪ್ರತಿಯೊಂದು ವಾಲ್ವ್‌ನ ಕೊಳವೆಯನ್ನೂ ಬರಿಯ 108 ಇಂಚಿಗೆ ಲೆಕ್ಕ ಹಾಕಿ ಕತ್ತರಿಸಿರುತ್ತಾರೆ. ಇನ್ನೊಂದು ವಾಲ್ವ್ ಒತ್ತಿದಾಗ ವಾದ್ಯ ಆಗಲೇ ಉದ್ದವಾಗಿರುತ್ತದೆ, ಆ ಉದ್ದಕ್ಕೆ ಈ ತುಂಡು ಸಾಲದು. ಕೊರತೆ 4.7 ಇಂಚು. ಕಿವಿಗೆ ಅದು ಸುಮಾರು 54 ಸೆಂಟ್ ಏರುಶ್ರುತಿ, ಅಂದರೆ ಒಂದು ಸ್ವರಸ್ಥಾನದ ಅರ್ಧಕ್ಕಿಂತ ತುಸು ಹೆಚ್ಚು. ಒಂದು ಮತ್ತು ಮೂರನೆಯದನ್ನು (1-3) ಕೂಡಿಸಿದಾಗ ಕೊರತೆ 2.5 ಇಂಚು, ಏರು 30 ಸೆಂಟ್. 1-2ರಲ್ಲಿ ಬರಿಯ 10 ಸೆಂಟ್, ಅದನ್ನು ತುಟಿ ಸುಧಾರಿಸಿಕೊಳ್ಳುತ್ತದೆ. ತಯಾರಕರು ಮೂರನೆಯ ವಾಲ್ವ್‌ನ ಸ್ಲೈಡನ್ನು, ಅಂದರೆ ಎಳೆಯಬಹುದಾದ ಕೊಳವೆಯನ್ನು, ತುಸು ಉದ್ದ ಮಾಡಿ ಈ ದೋಷವನ್ನು ಕಡಿಮೆ ಮಾಡಿರುತ್ತಾರೆ. ಮೂರು ಸ್ವರಸ್ಥಾನಕ್ಕೆ ಮೂರನೆಯ ವಾಲ್ವ್ ಒಂದನ್ನೇ ಒತ್ತದೆ 1-2 ಒತ್ತುವ ರೂಢಿ ಬಂದದ್ದು ಇದರಿಂದಲೇ. ಆದರೂ 1-2-3ರ ಏರು ಪೂರ್ತಿ ಹೋಗುವುದಿಲ್ಲ.

ಸಂಗೀತ ಬಲ್ಲ ಕನ್ನಡದ ಮನೆಗಳಲ್ಲಿ ಇದರ ಪರಿಣಾಮ ಮೊದಲ ವಾರದಲ್ಲೇ ಕಾಣುತ್ತದೆ. ಮಗು ಮನೆಗೆ ಬಂದು ತನಗೆ ಗೊತ್ತಿರುವ ಸರಳೆ ವರಸೆಯನ್ನು ಯುಫೋನಿಯಂ ಮೇಲೆ ಹುಡುಕುತ್ತದೆ. ಬ್ಯಾಂಡ್‌ನಲ್ಲಿ ಕಲಿಸಿದ ಮೊದಲ ಸ್ವರ ಬಿ-ಫ್ಲ್ಯಾಟ್, ಆದ್ದರಿಂದ ಅದೇ ಷಡ್ಜ. ಮಾಯಾಮಾಳವಗೌಳದಲ್ಲಿ ಷಡ್ಜದ ಪಕ್ಕದ್ದು ಶುದ್ಧ ರಿಷಭ. ಮೂರು ವಾಲ್ವ್‌ನ ಯುಫೋನಿಯಂನಲ್ಲಿ ಆ ರಿಷಭಕ್ಕೆ ಇರುವ ಬೆರಳು 1-2-3 ಮಾತ್ರ. ಇಡೀ ವಾದ್ಯದಲ್ಲಿ ಅತಿ ಕೆಟ್ಟ ಶ್ರುತಿಯ ಜಾಗ ನಮ್ಮ ಮೊದಲ ಪಾಠದ ಎರಡನೆಯ ಸ್ವರಕ್ಕೇ ಬಂದು ಕೂರುತ್ತದೆ. ಷಡ್ಜಕ್ಕೆ ಅಂಟಿಕೊಂಡಿರಬೇಕಾದ ರಿಷಭ ಚತುಶ್ರುತಿ ರಿಷಭದ ಕಡೆಗೆ ಅರ್ಧ ದಾರಿ ಹೋಗಿರುತ್ತದೆ. ಮಗುವಿನ ಕಿವಿ ಸರಿಯಾಗಿಯೇ ಇದೆ, ಅಮ್ಮನ ಕಿವಿಯೂ ಸರಿಯಾಗಿದೆ. ಇಬ್ಬರೂ ಸೇರಿ ತಪ್ಪನ್ನು ಮಗುವಿನ ತುಟಿಯ ಮೇಲೆ ಹೊರಿಸುತ್ತಾರೆ.

ಪರಿಹಾರ ಸುಲಭ: ಷಡ್ಜವನ್ನು ಅದರ ಮೇಲಿನ ಇ-ಫ್ಲ್ಯಾಟ್‌ಗೆ ಒಯ್ಯಿರಿ. ಟ್ರೆಬಲ್ ಕ್ಲೆಫ್ ಓದುವ ಮಗುವಿಗೆ ಅದು ಬರಹದ ಎಫ್. ಆಗ ಮಾಯಾಮಾಳವಗೌಳದ ಬೆರಳುಗಳು ಹೀಗೆ ಬರುತ್ತವೆ: ಸ 1, ರಿ 2, ಗ 1-2, ಮ 1, ಪ ಖಾಲಿ (ಯಾವ ವಾಲ್ವೂ ಒತ್ತದೆ), ದ 1-2, ನಿ ಖಾಲಿ, ಮೇಲಿನ ಸ 1. ಮೂರನೆಯ ವಾಲ್ವ್ ಮುಟ್ಟುವ ಪ್ರಸಂಗವೇ ಇಲ್ಲ. ಮಧ್ಯಮಾವತಿ ಇನ್ನೂ ಹಗುರ: ಸ 1, ರಿ ಖಾಲಿ, ಮ 1, ಪ ಖಾಲಿ, ನಿ 2, ಸ 1. ಮನೆಮನೆಯಲ್ಲಿ ಹಾಡುವ ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಈ ಷಡ್ಜದಲ್ಲಿ ಮೂರು ವಾಲ್ವ್‌ನ ಹಳೆಯ ವಾದ್ಯದಲ್ಲೂ ಶುದ್ಧವಾಗಿ ಕೇಳುತ್ತದೆ. ಬಿ-ಫ್ಲ್ಯಾಟ್ ಟ್ಯೂಬಾಗೂ ಬೆರಳು ಇದೇ, ಧ್ವನಿ ಮಾತ್ರ ಒಂದು ಸ್ಥಾಯಿ ಕೆಳಗೆ. ಗಮಕದ ವಿಷಯದಲ್ಲಿ ಒಂದು ಎಚ್ಚರಿಕೆ. ವಾಲ್ವನ್ನು ಅರ್ಧ ಒತ್ತಿ ಜಾರು ತೆಗೆಯುವ ಅಭ್ಯಾಸ ಮಾಡಿಸಬೇಡಿ, ಧ್ವನಿ ಸೊರಗುತ್ತದೆ, ಬೆರಳಿನ ಖಚಿತತೆಯೂ ಹೋಗುತ್ತದೆ. ದವಡೆಯ ಸಣ್ಣ ಅಲುಗಾಟದಲ್ಲಿ ಎಷ್ಟು ಕಂಪಿತ ಬರುತ್ತದೋ ಅಷ್ಟು ಸಾಕು.

ನಾಲ್ಕು ವಾಲ್ವ್ ಇದ್ದರೆ 1-3ರ ಬದಲು 4, 1-2-3ರ ಬದಲು 2-4. ಮೊದಲನೆಯದು ಪೂರ್ತಿ ಸರಿಹೋಗುತ್ತದೆ, ಎರಡನೆಯದರ ಏರು ಅರ್ಧಕ್ಕೆ, ಸುಮಾರು 25 ಸೆಂಟ್‌ಗೆ ಇಳಿಯುತ್ತದೆ. ಇನ್ನೂ ಕೆಳಗೆ ಹೋದರೆ ಕೊರತೆ ಮತ್ತೆ ಬೆಳೆಯುತ್ತದೆ. ಮೊದಲ ಷಡ್ಜಕ್ಕೂ ಒಂದು ಸ್ಥಾಯಿ ಕೆಳಗಿನ ಪೆಡಲ್ ಬಿ-ಫ್ಲ್ಯಾಟ್‌ಗೆ ಒಂದು ಸ್ವರಸ್ಥಾನ ಮೇಲಿರುವ ಬಿ-ನ್ಯಾಚುರಲ್ ಅಂಥ ವಾದ್ಯದಲ್ಲಿ ಇರುವುದೇ ಇಲ್ಲ. ಲಂಡನ್ನಿನ ಬೂಸಿ ಕಂಪನಿಯಲ್ಲಿದ್ದ ಡೇವಿಡ್ ಬ್ಲೇಕ್ಲಿ 1874ರಲ್ಲಿ ಇದಕ್ಕೆ ಕಾಂಪನ್ಸೇಟಿಂಗ್ ವ್ಯವಸ್ಥೆ ಕಂಡುಹಿಡಿದರು. ನಾಲ್ಕನೆಯದನ್ನು ಒತ್ತಿದಾಗ ಗಾಳಿ ಉಳಿದ ವಾಲ್ವ್‌ಗಳೊಳಗೆ ಎರಡನೆಯ ಸಲ ಹಾಯುತ್ತದೆ, ಅಲ್ಲಿನ ಸಣ್ಣ ಕೊಳವೆಗಳು ಕೊರತೆಯ ಇಂಚುಗಳನ್ನು ತುಂಬಿಕೊಡುತ್ತವೆ. ಮೂರು ವಾಲ್ವ್ ಮೇಲೆ, ನಾಲ್ಕನೆಯದು ಪಕ್ಕದಲ್ಲಿ ಎಡಗೈಗೆ ಇರುವ ಯುಫೋನಿಯಂಗಳು ಹೆಚ್ಚಾಗಿ ಈ ಬಗೆಯವು. ಒಳ್ಳೆಯವು ದುಬಾರಿ, ತೂಕವೂ ಜಾಸ್ತಿ. ಮೊದಲ ಮೂರು ವರ್ಷಕ್ಕೆ ಅದು ಬೇಕೇ ಬೇಕು ಎಂದೇನಿಲ್ಲ, ನಾಲ್ಕು ಸಾದಾ ವಾಲ್ವ್ ಸಾಕು.

ಹಳೆಯ ವಾದ್ಯ ಕೊಳ್ಳುವವರು ಒಂದು ಪರೀಕ್ಷೆ ಮಾಡಬೇಕು. ವಾಲ್ವ್ ಒತ್ತದೆ ಅದರ ಸ್ಲೈಡನ್ನು ಪೂರ್ತಿ ಹೊರಗೆಳೆಯಿರಿ. ‘ಟಪ್’ ಎಂದು ಗಾಳಿ ಸಿಡಿದರೆ ಬಿಗಿ ಚೆನ್ನಾಗಿದೆ. ಸದ್ದಿಲ್ಲದೆ ಬಂದರೆ ಪಿಸ್ಟನ್ ಸವೆದಿದೆ, ಇಲ್ಲವೇ ಸ್ಲೈಡ್ ಸಡಿಲವಾಗಿದೆ. ನಾಲ್ಕು ಸ್ಲೈಡ್‌ಗೂ ಹೀಗೆ ಮಾಡಿ ನೋಡಿ. ಮೌತ್‌ಪೀಸ್ ಕೊಳ್ಳುವಾಗ ವಾದ್ಯವನ್ನೇ ಅಂಗಡಿಗೆ ಒಯ್ಯಿರಿ. ಯುಫೋನಿಯಂನ ಮೌತ್‌ಪೀಸ್ ಕೂರುವ ತೂತು ಮೂರು ಅಳತೆಗಳಲ್ಲಿ ಬರುತ್ತದೆ, ತಪ್ಪು ಅಳತೆಯದು ಅಲುಗಾಡುತ್ತದೆ ಅಥವಾ ಒಳಗೇ ಹೋಗುವುದಿಲ್ಲ. ಆರಂಭಕ್ಕೆ ಯುಫೋನಿಯಂಗೆ ಬಾಕ್ ಕಂಪನಿಯ ಆರೂವರೆ ಎಎಲ್ ಅಳತೆಯದು, ಟ್ಯೂಬಾಗೆ ಬಾಕ್ 18 ಸಾಕು.

ಕ್ಲೆಫ್

ಇಂಗ್ಲಿಷ್ ಬ್ರಾಸ್ ಬ್ಯಾಂಡ್ ಪದ್ಧತಿಯಲ್ಲಿ ಬೇಸ್ ಟ್ರಾಂಬೋನ್ ಬಿಟ್ಟರೆ ಊದುವ ವಾದ್ಯಗಳೆಲ್ಲ ಟ್ರೆಬಲ್ ಕ್ಲೆಫ್ ಓದುತ್ತವೆ. ಕಾರ್ನೆಟ್ ಬಲ್ಲವನು ನಾಳೆ ಯುಫೋನಿಯಂ ಎತ್ತಿಕೊಂಡರೂ ಅದೇ ಬೆರಳು, ಅದೇ ಬರಹ. ಆರ್ಕೆಸ್ಟ್ರಾದಲ್ಲಿ, ಅಮೆರಿಕನ್ ಪುಸ್ತಕಗಳಲ್ಲಿ ಇರುವುದು ಬೇಸ್ ಕ್ಲೆಫ್, ಬರೆದ ಸ್ವರವೇ ಕೇಳುವ ಸ್ವರ. ಮಗು ಯಾವುದರಲ್ಲಿ ಶುರು ಮಾಡಿತೋ ಅದರಲ್ಲೇ ಒಂದು ವರ್ಷ ಬಿಡಿ, ಎರಡನೆಯ ವರ್ಷ ಇನ್ನೊಂದನ್ನು ಸೇರಿಸಿ. ದೊಡ್ಡ ಕೃತಿಗಳ ಹೊತ್ತಿಗೆ ಎರಡೂ ಬೇಕು.

ಒಂದು ಕ್ಲೆಫ್‌ನಿಂದ ಇನ್ನೊಂದಕ್ಕೆ ದಾಟುವುದಕ್ಕೆ ಎರಡು ಉಪಾಯಗಳಿವೆ. ಇ-ಫ್ಲ್ಯಾಟ್ ಟ್ಯೂಬಾದ ಟ್ರೆಬಲ್ ಬರಹವನ್ನು ಬೇಸ್ ಕ್ಲೆಫ್ ಎಂದುಕೊಂಡು ಮೂರು ಫ್ಲ್ಯಾಟ್ ಸೇರಿಸಿ ಓದಿದರೆ ನಿಜವಾಗಿ ಕೇಳುವ ಸ್ವರವೇ ಸಿಗುತ್ತದೆ. ಯುಫೋನಿಯಂನ ಟ್ರೆಬಲ್ ಬರಹವನ್ನು ಟೆನರ್ ಕ್ಲೆಫ್ ಎಂದುಕೊಂಡು ಎರಡು ಫ್ಲ್ಯಾಟ್ ಸೇರಿಸಿದರೂ ಹಾಗೆಯೇ. ಆದ್ದರಿಂದ ಟ್ರೆಬಲ್‌ನಲ್ಲಿ ಬೆಳೆದ ಯುಫೋನಿಯಂ ಮಗುವಿಗೆ ಟೆನರ್ ಕ್ಲೆಫ್ ಸುಲಭವಾಗಿ ಹತ್ತುತ್ತದೆ, ಸೆಲೋ ಮತ್ತು ಬಸೂನ್ ಪುಸ್ತಕಗಳ ಬಾಗಿಲು ತೆರೆಯುತ್ತದೆ. ನಡುನಡುವೆ ಬರುವ ಶಾರ್ಪ್, ನ್ಯಾಚುರಲ್ ಗುರುತುಗಳಲ್ಲಿ ಮಾತ್ರ ಎಡವುತ್ತಾರೆ, ಅಂಥ ಜಾಗಗಳನ್ನು ಪೆನ್ಸಿಲ್‌ನಲ್ಲಿ ಮೊದಲೇ ತಿದ್ದಿಕೊಡಿ.

ಉಸಿರು, ನಾಲಗೆ

ಟ್ಯೂಬಾ ಕೇಳುವುದು ಒತ್ತಡವಿಲ್ಲದ, ಧಾರಾಳವಾದ ಗಾಳಿ. ಕೆನ್ನೆ ಉಬ್ಬಿಸಿ, ಮೌತ್‌ಪೀಸನ್ನು ತುಟಿಗೆ ಒತ್ತಿ ಹಿಡಿದು ಊದುವ ಮಗುವಿಗೆ ಮೇಲಿನ ಸ್ವರ ಸಿಕ್ಕರೂ ಅರ್ಧ ಗಂಟೆಯಲ್ಲಿ ತುಟಿ ಸತ್ತುಹೋಗುತ್ತದೆ. ಷಿಕಾಗೋ ಸಿಂಫನಿಯಲ್ಲಿ 1944ರಿಂದ 1988ರವರೆಗೆ ಟ್ಯೂಬಾ ನುಡಿಸಿದ ಆರ್ನಲ್ಡ್ ಜೇಕಬ್ಸ್ ಅವರಿಗೆ ಶ್ವಾಸಕೋಶದ ಸಾಮರ್ಥ್ಯ ಸಾಧಾರಣಕ್ಕಿಂತ ಕಡಿಮೆ ಇತ್ತು. ಹಾಡು ಮನಸ್ಸಿನಲ್ಲಿರಲಿ, ಗಾಳಿ ಹರಿಯಲಿ ಎಂಬುದು ಅವರ ಪಾಠದ ತಿರುಳು. ಇದು ನಮ್ಮವರಿಗೆ ಹೇಳಿ ಮಾಡಿಸಿದ ದಾರಿ: ಸಾಲನ್ನು ಮೊದಲು ಸ್ವರ ಹಾಕಿ ಹಾಡಿಸಿ, ಆಮೇಲೆ ಮೌತ್‌ಪೀಸ್ ಒಂದರಲ್ಲೇ ತುಟಿ ಝೇಂಕರಿಸಲಿ, ಕೊನೆಗೆ ವಾದ್ಯ ಎತ್ತಿಕೊಳ್ಳಲಿ. ಹಾಡಲಾಗದ ಸಾಲನ್ನು ಊದಲು ಬಿಡಬೇಡಿ.

ನಾಲಗೆಯ ವಿಷಯ ಇಂಗ್ಲಿಷ್ ಪುಸ್ತಕಗಳಿಂದ ಗೊತ್ತಾಗುವುದಿಲ್ಲ. ಸ್ವರ ಹೊರಡಿಸಲು ನಾಲಗೆ ಹೇಗೆ ತಾಗಬೇಕು ಎನ್ನಲು ಅಲ್ಲಿ ‘ಟು’ ಎಂದು ಬರೆದಿರುತ್ತದೆ. ಕನ್ನಡದ ಮಗು ‘ಟ’ ಎಂದರೆ ನಾಲಗೆ ಹಿಂದಕ್ಕೆ ಮಡಿಚಿ ಗಂಟಲು ಮುಚ್ಚುತ್ತದೆ, ‘ತ’ ಎಂದರೆ ಹಲ್ಲಿನ ನಡುವೆ ತೂರಿ ಸ್ವರ ಉಗುಳಿದಂತೆ ಕೇಳುತ್ತದೆ. ಬೇಕಾದ ಜಾಗ ಇವೆರಡರ ನಡುವೆ, ‘ಲ’ ಹೇಳುವಾಗ ತುದಿ ತಾಗುವಲ್ಲಿ. ‘ಲೋ ಲೋ ಲೋ’ ಎನ್ನಿಸಿ, ಅಲ್ಲೇ ನಾಲಗೆ ಇಟ್ಟು ‘ದೋ’ ಎನ್ನಿಸಿ. ಕೆಳಗಿನ ಸ್ವರಗಳಿಗೆ ಓಕಾರ, ಮೇಲಕ್ಕೆ ಹೋದಂತೆ ಉಕಾರ. ಮೃದಂಗದ ಅಥವಾ ಭರತನಾಟ್ಯದ ಸೊಲ್ಲುಗಳನ್ನು ಕಲಿತ ಮಗುವಿಗೆ ಡಬಲ್ ಟಂಗಿಂಗ್ (ಬೇಗ ಬೇಗ ಸ್ವರ ಬಿಡಿಸಲು ನಾಲಗೆಯ ಜೋಡಿ ಹೊಡೆತ) ಆಗಲೇ ಬಾಯಲ್ಲಿದೆ: ‘ತಕ ತಕ’. ಟ್ರಿಪಲ್‌ಗೆ ‘ತತಕ’ ಅಥವಾ ‘ತಕಿಟ’. ‘ಕ’ ಸೋಲುತ್ತದೆ, ಆದ್ದರಿಂದ ವಾರವಿಡೀ ಬರಿಯ ‘ಕ ಕ ಕ ಕ’ದಿಂದ ಸ್ವರ ಹೊರಡಿಸುವ ಅಭ್ಯಾಸ ಮಾಡಿಸಿ, ಎರಡು ಒಂದಾಗುತ್ತವೆ.

ಕೂರುವ ಭಂಗಿಯನ್ನು ಅಂದಾಜಿಗೆ ಬಿಡಬಾರದು. ವಾದ್ಯ ಬಾಯಿಗೆ ಬರಬೇಕು. ಗಿಡ್ಡ ಮಗು ಕತ್ತು ಚಾಚಿ ಮೌತ್‌ಪೀಸ್ ಹುಡುಕುತ್ತಿದ್ದರೆ ಕುರ್ಚಿಯ ಮೇಲೆ ಮಣೆ ಇಡಿ. ಉದ್ದದ ಮಗು ಬಗ್ಗುತ್ತಿದ್ದರೆ ವಾದ್ಯದ ಕೆಳಗೆ ಸ್ಟ್ಯಾಂಡ್ ಕೊಡಿ. ಹನ್ನೆರಡು ವರ್ಷದೊಳಗಿನವರಿಗೆ 18 ಅಡಿಯ ಟ್ಯೂಬಾ ಬೇಡ. ಯುಫೋನಿಯಂನಲ್ಲಿ ಶುರು ಮಾಡಿಸಿ, ಮೈ ಬೆಳೆದ ಮೇಲೆ ದಾಟಿಸಿ. ದಿನಕ್ಕೆ 40 ನಿಮಿಷ ಸಿಕ್ಕರೆ 8 ನಿಮಿಷ ಉದ್ದ ಸ್ವರ, 8 ನಿಮಿಷ ವಾಲ್ವ್ ಬದಲಿಸದೆ ತುಟಿಯಿಂದ ಸ್ವರ ಜಾರಿಸುವುದು, 10 ನಿಮಿಷ ಸ್ಕೇಲ್ ಅಥವಾ ವರಸೆ, ಉಳಿದದ್ದು ಕೃತಿ. ಡೊಂಬಿವಲಿಯ ಅಪಾರ್ಟ್‌ಮೆಂಟ್‌ನಲ್ಲಿ ಪಕ್ಕದ ಮನೆಯವರಿಗಾಗಿ ಪ್ರಾಕ್ಟೀಸ್ ಮ್ಯೂಟ್ ಹಾಕುವುದು ಅನಿವಾರ್ಯವಾದರೆ ಅದನ್ನು ಬೆರಳಿನ ಕೆಲಸಕ್ಕೆ ಮಾತ್ರ ಬಳಸಿ. ಮ್ಯೂಟ್ ಗಾಳಿಯನ್ನು ತಡೆಯುತ್ತದೆ, ಶ್ರುತಿಯನ್ನೂ ಬದಲಿಸುತ್ತದೆ. ಉದ್ದ ಸ್ವರಗಳನ್ನು ಅದರಲ್ಲಿ ಅಭ್ಯಾಸ ಮಾಡಿದರೆ ಉಸಿರು ಕುಗ್ಗುತ್ತದೆ.

ಕೃತಿಗಳು, ಒಂದರ ಮೇಲೊಂದು

ಮೊದಲ ಆರು ತಿಂಗಳು ಐದಾರು ಸ್ವರದೊಳಗಿನ ಭಜನೆ, ಇಗರ್ಜಿಯ ಗೀತೆ, ದಾಸರ ಪದ. ಸಾಲು ಚಿಕ್ಕದಾಗಿರಲಿ, ಸಾಹಿತ್ಯ ಎಲ್ಲಿ ನಿಲ್ಲುತ್ತದೋ ಅಲ್ಲಿ ಉಸಿರು. ಗೋವಾದಲ್ಲಿ ಕಲಿಸುವವರಿಗೆ ಮಾಂಡೋ ಎಂಬ ಕೊಂಕಣಿ ಹಾಡು ಕೈಯಳತೆಯಲ್ಲೇ ಇದೆ: ನಿಧಾನ ಗತಿ, ಆರರ ನಡೆ, ಮೂರನೆಯ ಮತ್ತು ಆರನೆಯ ಸ್ವರಗಳ ಅಂತರದಲ್ಲಿ ಸಾಗುವ ಎರಡು ಕಂಠ. ಇಬ್ಬರು ಯುಫೋನಿಯಂ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜೋಡಿ ಪಾಠ ಸಿಗಲಾರದು, ಒಬ್ಬರ ಶ್ರುತಿ ಜಾರಿದರೆ ಇನ್ನೊಬ್ಬರಿಗೆ ತಕ್ಷಣ ಗೊತ್ತಾಗುತ್ತದೆ.

ಎರಡನೆಯ ವರ್ಷದಿಂದ ಎರಡು ಪುಸ್ತಕಗಳು ಜೊತೆಯಲ್ಲಿ ನಡೆಯಬೇಕು. ಒಂದು, 1864ರಲ್ಲಿ ಕಾರ್ನೆಟ್‌ಗಾಗಿ ಬಂದ ಆರ್ಬಾನ್ ಅವರ ಪದ್ಧತಿ. ಬೇಸ್ ಕ್ಲೆಫ್‌ನಲ್ಲೂ ಸಿಗುತ್ತದೆ, ನಾಲಗೆ ಮತ್ತು ಬೆರಳಿಗೆ ಅದು. ಇನ್ನೊಂದು, ಇಟಲಿಯ ಗಾಯನ ಗುರು ಬೊರ್ಡೊಗ್ನಿ ಬರೆದ ಸ್ವರಾಭ್ಯಾಸಗಳನ್ನು ಬಾಸ್ಟನ್ ಸಿಂಫನಿಯ ಟ್ರಾಂಬೋನ್ ವಾದಕ ರೋಷು 1928ರಲ್ಲಿ ಹೊಂದಿಸಿಕೊಟ್ಟದ್ದು. ಅವು ಹಾಡುವುದಕ್ಕೆ ಬರೆದವು, ಅದೇ ಅವುಗಳ ಬೆಲೆ. ಟ್ಯೂಬಾದವರು ಒಂದು ಸ್ಥಾಯಿ ಕೆಳಗೆ ನುಡಿಸಬೇಕು, ಆಗ ಗಾಳಿ ಬೇಗ ಮುಗಿಯುತ್ತದೆ. ಪುಸ್ತಕದಲ್ಲಿ ಗುರುತು ಹಾಕಿದ ಉಸಿರು ಸಾಲದು, ಮಗು ದಣಿಯುವ ಮುನ್ನವೇ ಉಸಿರೆಳೆಯುವ ಜಾಗಗಳನ್ನು ನೀವೇ ಪೆನ್ಸಿಲ್‌ನಲ್ಲಿ ಹಾಕಿ. ಟ್ಯೂಬಾಗೆ ಬ್ಲಾಜೆವಿಚ್ ಅವರ 70 ಅಭ್ಯಾಸಗಳೂ ಈ ಹಂತದ ಕೊನೆಗೆ ಬರಲಿ. ಮೊದಲೇ ಕೊಟ್ಟರೆ ಬಾಯಿ ಬಿಗಿಯುತ್ತದೆ.

ಮೂರನೆಯ ಹಂತ ಎರವಲಿನದು. ಮಾರ್ಚೆಲ್ಲೋ ಅವರ ಸೆಲೋ ಸೊನಾಟಾಗಳು, ಗಾಲ್ಯಾರ್ಡ್ ಅವರ ಬಸೂನ್ ಸೊನಾಟಾಗಳು, ಡಬಲ್ ಬೇಸ್‌ಗಾಗಿ ಬರೆದ ಕಪೂಜ್ಜಿ ಅವರ ಕನ್ಸರ್ಟೋದಿಂದ (ಒಂಟಿ ವಾದ್ಯ ಮತ್ತು ಆರ್ಕೆಸ್ಟ್ರಾದ ಕೃತಿ) ಎತ್ತಿದ ಆಂಡಾಂಟೆ ಮತ್ತು ರೊಂಡೋ. ಸಂಗೀತಕಾರ ಬಾಕ್ ಅವರ ಸೆಲೋ ಸ್ವೀಟ್‌ಗಳನ್ನು (ಹಲವು ಭಾಗಗಳ ಕೃತಿಮಾಲೆ) ಎಲ್ಲರೂ ಆಸೆಯಿಂದ ಎತ್ತಿಕೊಳ್ಳುತ್ತಾರೆ. ಬಿಲ್ಲಿಗೆ ಉಸಿರು ಬೇಡ, ಆದ್ದರಿಂದ ಅಲ್ಲಿ ನಿಲ್ಲಲು ಜಾಗವಿಲ್ಲ. ಸಾಲಿನ ಕೊನೆಯಲ್ಲಿ ಉಸಿರೆಳೆಯುವ ಬದಲು ಬಲವಾದ ಸ್ವರ ಮುಟ್ಟಿದ ಮೇಲೆ ಎಳೆಯಿರಿ, ಬೇಕಾದರೆ ಅದರ ನಂತರದ ಒಂದು ಹಗುರ ಸ್ವರವನ್ನು ಬಿಟ್ಟುಬಿಡಿ. ಗತಿ ಮುರಿಯುವುದಕ್ಕಿಂತ ಒಂದು ಸ್ವರ ಹೋಗುವುದು ಮೇಲು.

ಬ್ಯಾಂಡ್‌ಗಾಗಿಯೇ ಬರೆದದ್ದರಲ್ಲಿ ಹೋಲ್ಸ್ಟ್ ಅವರ 1911ರ ಎಫ್ ಸ್ವರದ ಎರಡನೆಯ ಸ್ವೀಟ್ ಎಲ್ಲ ಯುಫೋನಿಯಂ ಮಕ್ಕಳಿಗೂ ಬರಬೇಕು. ಅದರ ಮೊದಲ ಭಾಗದ ಮಾರ್ಚ್‌ನಲ್ಲಿ ಇಡೀ ಬ್ಯಾಂಡ್ ಹಿಂದೆ ಸರಿದು ಜಾನಪದ ಹಾಡನ್ನು ಯುಫೋನಿಯಂ ಕೈಗೆ ಕೊಡುತ್ತದೆ. ಆರ್ಕೆಸ್ಟ್ರಾದಲ್ಲಿ ಮುಸೋರ್ಗ್‌ಸ್ಕಿ ಅವರ ‘ಚಿತ್ರಪ್ರದರ್ಶನ’ (ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್) ಎಂಬ ಪಿಯಾನೋ ಕೃತಿಯನ್ನು ರವೆಲ್ 1922ರಲ್ಲಿ ಹೊಂದಿಸಿದಾಗ ಎತ್ತಿನ ಗಾಡಿಯ ಭಾಗವನ್ನು ಟ್ಯೂಬಾಗೆ ಕೊಟ್ಟರು. ಅವರ ಮನಸ್ಸಿನಲ್ಲಿದ್ದದ್ದು ಚಿಕ್ಕ ಫ್ರೆಂಚ್ ಸಿ ಟ್ಯೂಬಾ, ಅದಕ್ಕೇ ಅದು ಅಷ್ಟು ಮೇಲಕ್ಕೆ ಏರುತ್ತದೆ, ಇಂದು ಅನೇಕ ಕಡೆ ಯುಫೋನಿಯಂನಲ್ಲಿ ನುಡಿಸುತ್ತಾರೆ. ಮಾಲರ್ ಅವರ ಮೊದಲ ಸಿಂಫನಿಯ ಮೂರನೆಯ ಭಾಗದಲ್ಲಿ ಟ್ಯೂಬಾಗೆ ಮೆಲುದನಿಯ ಒಂದು ಸೊಲೊ ಇದೆ, ಅದನ್ನು ಒಂದೇ ಉಸಿರಿನಲ್ಲಿ ಸಾಗಿಸುವ ಗುರಿಯಿಂದ ಅಭ್ಯಾಸ ಮಾಡಿಸಿ. ಇವನ್ನು ಪುಸ್ತಕದಿಂದ ಕಲಿತರಷ್ಟೇ ಸಾಲದು, ಕಿವಿಯಾರೆ ಕೇಳಬೇಕು. ಮುಂಬೈಯಲ್ಲಿ 2006ರಿಂದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಎನ್‌ಸಿಪಿಎ ರಂಗಮಂದಿರದಲ್ಲಿ ನುಡಿಸುತ್ತಿದೆ. ಟಿಕೆಟ್ ಕೊಳ್ಳುವ ಮೊದಲು ಕೃತಿಯಲ್ಲಿ ಟ್ಯೂಬಾ ಇದೆಯೇ ನೋಡಿಕೊಳ್ಳಿ. ಮೊಜಾರ್ಟ್, ಹೈಡನ್ ಕಾಲಕ್ಕೆ ಟ್ಯೂಬಾ ಇನ್ನೂ ಹುಟ್ಟಿರಲಿಲ್ಲ. ಕೊಲಾಬಾದ ಐಎನ್‌ಎಸ್ ಕುಂಜಾಲಿಯಲ್ಲಿ ನೌಕಾಪಡೆಯ ಸಂಗೀತ ಶಾಲೆಯಿದೆ, ನೌಕಾಪಡೆಯ ಬ್ಯಾಂಡ್ ಸಾರ್ವಜನಿಕವಾಗಿ ನುಡಿಸುವಾಗ ಮಕ್ಕಳನ್ನು ಕರೆದೊಯ್ದು ಬೇಸ್ ಸಾಲಿನ ಎದುರಿಗೇ ನಿಲ್ಲಿಸಿ.

ಕೊನೆಯ ಹಂತದ ಸ್ವಂತ ಕೃತಿಗಳು ತಡವಾಗಿ ಬಂದವು. ವಾನ್ ವಿಲಿಯಮ್ಸ್ ಅವರ ಟ್ಯೂಬಾ ಕನ್ಸರ್ಟೋವನ್ನು 1954ರ ಜೂನ್‌ನಲ್ಲಿ ಲಂಡನ್ ಸಿಂಫನಿಯೊಂದಿಗೆ ಫಿಲಿಪ್ ಕ್ಯಾಟಲಿನೆಟ್ ಮೊದಲು ನುಡಿಸಿದರು. ಹಿಂಡಮಿತ್ ಅವರ ಸೊನಾಟಾ 1955ರದು, ಗ್ರೆಗ್ಸನ್ ಅವರ ಕನ್ಸರ್ಟೋ 1976ರದು. ಯುಫೋನಿಯಂಗೆ 1872ರಷ್ಟು ಹಿಂದೆಯೇ ಪೊಂಕಿಯೆಲ್ಲಿ ಕನ್ಸರ್ಟೋ ಬರೆದಿದ್ದರು, ಅಲ್ಲಿಂದ ಸರಿಯಾಗಿ ನೂರು ವರ್ಷಕ್ಕೆ ಹೊರೊವಿಟ್ಸ್ ಬರೆದರು. ವಾನ್ ವಿಲಿಯಮ್ಸ್ ಅವರ ನಡುವಿನ ಭಾಗ ರೊಮಾನ್ಜಾವನ್ನು ಯುಫೋನಿಯಂನವರೂ ನುಡಿಸುತ್ತಾರೆ, ಎರಡು ವಾದ್ಯಕ್ಕೂ ಮೊದಲು ಕೊಡಬೇಕಾದದ್ದು ಅದೇ. ಪೂರ್ತಿ ಕನ್ಸರ್ಟೋ ಎಫ್ ಅಥವಾ ಇ-ಫ್ಲ್ಯಾಟ್ ಟ್ಯೂಬಾ ಕೇಳುತ್ತದೆ. ಮೂರು ವಾಲ್ವ್‌ನ ದೊಡ್ಡ ಬಿ-ಫ್ಲ್ಯಾಟ್‌ನಲ್ಲಿ ಮೇಲಿನ ಸ್ವರಗಳು ಒಂದಕ್ಕೊಂದು ತೀರ ಹತ್ತಿರ ಇರುತ್ತವೆ, ತುಟಿ ತಪ್ಪಿ ಪಕ್ಕದ ಸ್ವರಕ್ಕೆ ಬೀಳುತ್ತದೆ. ಹಿಂಡಮಿತ್‌ನಲ್ಲಿ ಕಷ್ಟ ಪಿಯಾನೋದವರಿಗೆ, ಒಳ್ಳೆಯ ಪಿಯಾನೋ ಜೊತೆ ಖಚಿತವಾಗುವವರೆಗೆ ಅದನ್ನು ಪರೀಕ್ಷೆಗೆ ಆಯಬೇಡಿ.

ಸೆಕೆ, ಮಳೆ, ಪರೀಕ್ಷೆ

ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ. ಉಸಿರಿನ ಬಿಸಿಯಿಂದ ಈ ವ್ಯತ್ಯಾಸ ತುಸು ಕಡಿಮೆಯಾದರೂ ಪುಣೆಯ ಬಿಸಿಲಿನ ಮೆರವಣಿಗೆಯಲ್ಲಿ ಕೂಡಿಸಿದ ಶ್ರುತಿ ಎಸಿ ಸಭಾಂಗಣದಲ್ಲಿ ನಿಲ್ಲುವುದಿಲ್ಲ. ಒಳಗೆ ಹೋಗಿ ಹತ್ತು ನಿಮಿಷ ಸದ್ದಿಲ್ಲದೆ ಬೆಚ್ಚಗಿನ ಗಾಳಿ ಊದಿಸಿ, ಆಮೇಲೆ ಸ್ಲೈಡ್ ಸರಿಪಡಿಸಿ. ಮಳೆಗಾಲದಲ್ಲಿ ಕರಾವಳಿಯ ತೇವಕ್ಕೆ ಸ್ಲೈಡ್‌ಗಳಿಗೆ ಕಿಲುಬು ಹಿಡಿದು ಕಚ್ಚಿಕೊಳ್ಳುತ್ತವೆ. ವಾರಕ್ಕೊಮ್ಮೆ ಎಲ್ಲ ಸ್ಲೈಡ್ ಎಳೆದು ಗ್ರೀಸ್ ಹಚ್ಚಿ, ನುಡಿಸಿದ ದಿನಗಳಲ್ಲೆಲ್ಲ ವಾಲ್ವ್‌ಗೆ ಎಣ್ಣೆ ಬಿಡಿ. ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯಿರಿ. ಕುದಿನೀರಿಗೆ ಲ್ಯಾಕರ್ ಸುಲಿಯುತ್ತದೆ. ಮೌತ್‌ಪೀಸ್ ಸಿಕ್ಕಿಕೊಂಡರೆ ಇಕ್ಕಳ ಹಾಕಬೇಡಿ, ಅದರ ಕೊಳವೆ ತಿರುಚಿಹೋಗುತ್ತದೆ. ಪುಲ್ಲರ್ ಇರುವ ರಿಪೇರಿಯವರ ಹತ್ತಿರ ಒಯ್ಯಿರಿ.

ಲಂಡನ್ನಿನ ಸಂಗೀತ ಪರೀಕ್ಷಾ ಮಂಡಳಿಗಳಾದ ಟ್ರಿನಿಟಿ, ಎಬಿಆರ್‌ಎಸ್‌ಎಂ ಎರಡೂ ಈ ವಾದ್ಯಗಳಿಗೆ ಎಂಟು ಗ್ರೇಡ್‌ಗಳ ಪರೀಕ್ಷೆ ನಡೆಸುತ್ತವೆ. ಎಬಿಆರ್‌ಎಸ್‌ಎಂನಲ್ಲಿ ಆರನೆಯ ಗ್ರೇಡ್‌ಗೆ ಕೂರಬೇಕಾದರೆ ಐದನೆಯ ಗ್ರೇಡ್‌ನ ಥಿಯರಿ ಅಥವಾ ಅದರ ಬದಲಿಗೆ ಮಂಡಳಿ ಒಪ್ಪುವ ಪರೀಕ್ಷೆ ಮುಗಿದಿರಬೇಕು, ಟ್ರಿನಿಟಿಯಲ್ಲಿ ಆ ಕಟ್ಟಳೆಯಿಲ್ಲ. ವಾದನದಲ್ಲಿ ಮೂರನೆಯ ಗ್ರೇಡ್ ಆದ ತಕ್ಷಣ ಥಿಯರಿಗೆ ವಾರಕ್ಕೆ ಅರ್ಧ ಗಂಟೆ ತೆಗೆದಿಡಿ. ಇಲ್ಲವಾದರೆ ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆ, ಥಿಯರಿ, ಆರನೆಯ ಗ್ರೇಡ್ ಮೂರೂ ಒಂದೇ ವರ್ಷಕ್ಕೆ ಬೀಳುತ್ತವೆ.